ಕಂಬದ ಮೇಲಿನ ಯೋಗಿತಾ, ಜಗಲಿಯ ಮೇಲಿನ ಡಬ್ಬಿ

ಭಾನುವಾರದ ನಸುಕು. ಸೊಲ್ಲಾಪುರ ಸೀಮೆಯ ವಾಗದರಿ ಊರೊಳಗೆ ಹೊಗುವ ದಾರಿಯ ಮೊದಲ ಕಂಬಕ್ಕೆ ಏಣಿಯೊಂದು ಒರಗಿದೆ. ಏಣಿಯ ತುದಿಯಲ್ಲಿ, ಚೂಡಿದಾರದ ಮೇಲೆ ಖಾಕಿ ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಸೊಂಟದ ಪಟ್ಟಿಯನ್ನು ಕಂಬಕ್ಕೆ ಬಿಗಿದುಕೊಂಡು ನಿಂತಿದ್ದಾಳೆ. ಹಲ್ಲಿನ ನಡುವೆ ಸಣ್ಣ ಬ್ಯಾಟರಿ ಕಚ್ಚಿಕೊಂಡಿದ್ದಾಳೆ. ಎದುರಿಗೆ ಕಪ್ಪು ಪೆಟ್ಟಿಗೆ ಬಾಯಿ ತೆರೆದಿದೆ. ಅದರೊಳಗೆ ಕೂದಲೆಳೆಯಷ್ಟು ಸಪೂರದ ಗಾಜಿನ ದಾರಗಳು, ಒಂದೊಂದು ದಾರಕ್ಕೆ ಒಂದೊಂದು ಮನೆ. ಹಸಿರು ಪಟ್ಟಿ ಸುತ್ತಿದ ದಾರವೊಂದನ್ನು ಬಿಚ್ಚಿ ಅಂಗೈಯಗಲದ ಯಂತ್ರಕ್ಕೆ ಸಿಕ್ಕಿಸುತ್ತಾಳೆ. ಯಂತ್ರದ ಮೇಲೆ ಅಂಕಿ ಮೂಡುತ್ತದೆ.

ಕೆಳಗೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ನಿಲ್ಲುತ್ತದೆ. "ಏ ಅಕ್ಕಾ, ಮುಂಜಮುಂಜಾನೆ ಅಲ್ಲೇನ್ ಹುಡುಕಾಕತ್ತೀ? ಜೇನು ಬಿಡ್ಸಾಕ ಬಂದೀಯೇನ?"

ಬ್ಯಾಟರಿಯನ್ನು ಬಾಯಿಂದ ತೆಗೆದು ಆಕೆ ಹೇಳುತ್ತಾಳೆ: "ಜೇನಲ್ಲ ಕಾಕಾ, ಬೆಳಕು."

"ಬೆಳಕಾ? ಹೊತ್ತಿನ್ನೂ ಹುಟ್ಟೇ ಇಲ್ಲಲ್ಲ!"

"ನಿಮ್ಮ ಹೊತ್ತು ಹುಟ್ಟಿಲ್ಲ. ನಂದು ಹುಟ್ಟ್ಯದ. ಮೈನಸ್ ಹತ್ತೊಂಬತ್ತು!"

ಹಾಲಿನವನಿಗೆ ಏನೂ ತಿಳಿಯದಿದ್ದರೂ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾನೆ. ಕಂಬದ ಮೇಲಿನ ಯೋಗಿತಾ ಮಾತ್ರ ನಗುತ್ತಿದ್ದಾರೆ. ಅವರ ಲೆಕ್ಕದಲ್ಲಿ ಮೈನಸ್ ಹತ್ತೊಂಬತ್ತು ಎಂದರೆ ದಾರದೊಳಗಿನ ಬೆಳಕು ಗಟ್ಟಿಮುಟ್ಟಾಗಿದೆ ಎಂದರ್ಥ. ಅಂದರೆ ಹನ್ನೊಂದು ದಿನಗಳಿಂದ ಅವರನ್ನು ಕಾಡಿದ ದೋಷ ಕಂಬದ ಮೇಲಿಲ್ಲ, ಬೀದಿಯಲ್ಲಿಲ್ಲ. ಮೂರು ಓಣಿ ಆಚೆಗಿನ ಒಂದು ಮನೆಯೊಳಗಿದೆ. ಅದನ್ನು ಹಿಡಿಯಲು ಅವರಿಗೆ ಇವತ್ತು ಬೆಳಗಿನ ಹನ್ನೊಂದರವರೆಗೆ ಮಾತ್ರ ಸಮಯವಿದೆ.

ಹನ್ನೊಂದಕ್ಕೆ ಆ ಮನೆಯ ಹುಡುಗಿ ಪ್ರಣಿತಾಳ ಆಟ. ಆಟವೆಂದರೆ ಕುಂಟೆಬಿಲ್ಲೆಯಲ್ಲ. ಫೋನಿನಲ್ಲಿ, ದೂರದೂರದ ನಾಲ್ಕು ಮನೆಗಳಲ್ಲಿ ಕುಳಿತ ನಾಲ್ವರು ಒಂದೇ ತಂಡವಾಗಿ, ಇಲ್ಲದ ಕಾಡಿನಲ್ಲಿ ಇಲ್ಲದ ಬಂದೂಕು ಹಿಡಿದು ಓಡಾಡುವ ಆಟ. ಸೊಲ್ಲಾಪುರದ ಕಾಲೇಜಿನ ಈ ನಾಲ್ವರು ಹುಡುಗಿಯರು ನೂರಾರು ತಂಡಗಳನ್ನು ದಾಟಿ ಕೊನೆಯ ಸುತ್ತಿಗೆ ಬಂದಿದ್ದಾರೆ. ಗೆದ್ದರೆ ಪುಣೆಯಲ್ಲಿ ದೊಡ್ಡ ವೇದಿಕೆಯ ಮೇಲೆ ಆಡುವ ಅವಕಾಶ. ಪ್ರಣಿತಾ ಅವರ ನಾಯಕಿ. ಆದರೆ ಪ್ರಣಿತಾಳ ಮನೆಯ ಇಂಟರ್ನೆಟ್ಟಿಗೆ ಕಾಲು ನೋವು.

ಹಾಗೆಂದರೇನು? ಪ್ರಣಿತಾ ಬೆರಳೊತ್ತಿ "ಹೊಡಿ" ಎಂದರೆ ಆ ಅಪ್ಪಣೆ ವಾಗದರಿಯಿಂದ ಹೊರಟು, ಅಕ್ಕಲಕೋಟೆ ದಾಟಿ, ಸೊಲ್ಲಾಪುರ ದಾಟಿ, ಮುಂಬೈಯಲ್ಲೆಲ್ಲೋ ಕುಳಿತ ಯಂತ್ರವನ್ನು ಮುಟ್ಟಿ ಮರಳಿ ಬರಬೇಕು. ಹೀಗೆ ಹೋಗಿ ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಎಂದು ಹೆಸರು. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ, ಅದರಲ್ಲಿ ಇಪ್ಪತ್ತೈದು ಚೂರಿನೊಳಗೆ ಹೋಗಿ ಬಂದರೆ ಆಟ ಬೆಣ್ಣೆಯಂತೆ ಸಾಗುತ್ತದೆ. ಇನ್ನೂರು ಚೂರಾದರೆ, ಪ್ರಣಿತಾ ಗುರಿಯಿಟ್ಟ ಜಾಗದಲ್ಲಿ ಶತ್ರು ಇರುವುದೇ ಇಲ್ಲ. ಅವನು ಓಡಿಹೋಗಿ, ಬಳಸಿಕೊಂಡು ಬಂದು, ಬೆನ್ನ ಹಿಂದೆ ನಿಂತು ಹೊಡೆದೂ ಆಗಿರುತ್ತದೆ. "ಕಣ್ಣು ಮುಚ್ಚಿ ತೆಗಿಯೋದ್ರಾಗ ಸತ್ತಿರ್ತೀನಿ ಅಕ್ಕಾ. ಯಾರು ಹೊಡೆದ್ರು ಅನ್ನೋದೂ ತಿಳ್ಯಂಗಿಲ್ಲ" ಎನ್ನುತ್ತಾಳೆ ಅವಳು.

ಸೋಲುವುದಷ್ಟೇ ಅಲ್ಲ. ಪಂದ್ಯದ ನಿಯಮದ ಪ್ರಕಾರ ಪಿಂಗ್ ಎಂಬತ್ತರ ಒಳಗಿರಬೇಕು. ಯಾರದಾದರೂ ಒಬ್ಬರದು ಮೂರು ನಿಮಿಷ ಅದನ್ನು ಮೀರಿದರೆ ಇಡೀ ತಂಡವೇ ಹೊರಗೆ. ಮೊದಲಿನ ಸುತ್ತುಗಳನ್ನೆಲ್ಲ ಪ್ರಣಿತಾ ಹಾಸ್ಟೆಲಿನಿಂದ ಆಡಿದ್ದಳು. ರಜೆ ಬಂತು, ಹಾಸ್ಟೆಲಿಗೆ ಬೀಗ ಬಿತ್ತು. ಫೈನಲನ್ನಂತೂ ಅರ್ಜಿಯಲ್ಲಿ ಬರೆಸಿದ ಮನೆಯ ವಿಳಾಸದಿಂದಲೇ ಆಡಬೇಕು. ಮನೆಗೆ ಬಂದು ಫೋನು ತೆರೆದರೆ ಮೂಲೆಯಲ್ಲಿ ಕೆಂಪು ಅಂಕಿ: ಇನ್ನೂರ ಹತ್ತು.

ಅವತ್ತೇ ಅವಳು ಯೋಗಿತಾಗೆ ಫೋನು ಮಾಡಿದ್ದು. "ನಿನ್ನ ಆಟ ನಿಲ್ಲಾಕ ಬಿಡಂಗಿಲ್ಲ ತಂಗಿ" ಎಂದು ಯೋಗಿತಾ ಮಾತು ಕೊಟ್ಟದ್ದೂ ಅವತ್ತೇ.

ಯೋಗಿತಾಗೆ ಈಗ ಮೂವತ್ತಮೂರು. ಅಕ್ಕಲಕೋಟೆಯ ಬೌದ್ಧ ಕುಟುಂಬದ ಮಗಳು. ತಾಯಿ ಅಂಜನಾಬಾಯಿ ಬೀಡಿ ಕಟ್ಟಿ ಸಾಕಿದವರು. ಐಟಿಐ ಮುಗಿಸಿದ ಯೋಗಿತಾ, ಊರಿಗೆಲ್ಲ ಕೇಬಲ್ ಮತ್ತು ಇಂಟರ್ನೆಟ್ಟು ಕೊಡುವ ಸಣ್ಣ ಆಫೀಸೊಂದರಲ್ಲಿ ಫೋನಿನ ಮುಂದೆ ಕುಳಿತು ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದರು. ಒಂಬತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ, ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಓಣಿಯ ವಾಯರುಗಳನ್ನೆಲ್ಲ ಮೂಗುದಾರದಂತೆ ಎಳೆದುಕೊಂಡು ಹೋಯಿತು. ಲೈನ್‌ಮನ್ ಅವತ್ತು ಲಗ್ನಕ್ಕೆ ಹೋಗಿದ್ದ. ಫೋನು ಬಿಟ್ಟೂ ಬಿಡದೆ ಬಡಿದುಕೊಳ್ಳುತ್ತಿತ್ತು. ಬರೆದುಕೊಂಡು ಬರೆದುಕೊಂಡು ಬೇಸತ್ತ ಯೋಗಿತಾ ಪೆನ್ನು ಕೆಳಗಿಟ್ಟು ಏಣಿ ಎತ್ತಿಕೊಂಡರು.

"ಕಂಬದ ಕೆಳಗ ಜಾತ್ರಿ ಕೂಡಿದಂಗ ಮಂದಿ ಕೂಡಿತ್ರಿ. 'ಬಾಯಿ ಕಂಬಾ ಏರ್ಯಾಳ, ಹೆಣ್ಣಮಗಳು ಕಂಬಾ ಏರ್ಯಾಳ' ಅಂತ ಕೂಗ್ತಿದ್ರು. ಒಬ್ಬಾವ ಫೋಟೋ ತಗೊಂಡ. ನಾ ಮ್ಯಾಲಿಂದ ಅಂದೆ, ಫೋಟೋ ಆಮ್ಯಾಲ ತಗಿಯಪಾ, ಮೊದಲ ಏಣಿ ಹಿಡಿ!" ಎಂದು ನೆನೆದು ಯೋಗಿತಾ ಬಾಯಿಗೆ ಓಢಣಿ ಮುಚ್ಚಿಕೊಂಡು ನಗುತ್ತಾರೆ.

ಅವತ್ತು ಏರಿದವರು ಇನ್ನೂ ಇಳಿದಿಲ್ಲ. ಹನ್ನೊಂದು ಹಳ್ಳಿ, ಇನ್ನೂರ ಹದಿನಾಲ್ಕು ಮನೆ, ಮೂವತ್ತೆಂಟು ಕಿಲೋಮೀಟರ್ ಗಾಜಿನ ದಾರ ಈಗ ಅವರೊಬ್ಬರ ಪಾಲಿಗಿವೆ. ದಿನಕ್ಕೆ ಎಂಟೋ ಒಂಬತ್ತೋ ದೂರು. ಸ್ಕೂಟರಿನ ಹಿಂದೆ ಮಡಚುವ ಏಣಿ, ಕಾಲ ಬಳಿ ವಾಯರಿನ ಸುರುಳಿ, ಬೆನ್ನಿಗೆ ಚೀಲ. ಮಂಗ ಜೋತಾಡಿ ಹರಿದದ್ದು, ಲಗ್ನದ ಮಂಟಪದವರು ಹಗ್ಗವೆಂದು ಬಿಗಿದದ್ದು, ಇಲಿ ಕಡಿದದ್ದು, ಗಾಳಿಪಟದ ಮಾಂಜಾ ಕೊಯ್ದದ್ದು, ಎಲ್ಲದಕ್ಕೂ ಔಷಧ ಆ ಚೀಲದಲ್ಲಿದೆ. ತುಂಡಾದ ಎರಡು ಗಾಜಿನೆಳೆಗಳ ತುದಿ ಸವರಿ, ಎದುರುಬದುರು ಇಟ್ಟು, ಕಿಡಿಯೊಂದನ್ನು ಹಾಯಿಸಿ ಒಂದಾಗಿಸುವಾಗ ಅವರು ಉಸಿರು ಬಿಗಿಹಿಡಿಯುತ್ತಾರೆ. ಉಸಿರು ತಾಗಿದರೂ ಎಳೆ ಅಲುಗಾಡುತ್ತದೆ. ಒಮ್ಮೆ ಎಳೆಯ ಚೂರೊಂದು ಬೆರಳಿನೊಳಗೆ ಮುರಿದು ತಿಂಗಳುಗಟ್ಟಲೆ ಕಾಡಿತ್ತು. ಇನ್ನೊಮ್ಮೆ ಮಳೆಯಲ್ಲಿ ಕಂಬ ಜುಮ್ಮೆಂದು ಹೊಡೆದು ಕೆಳಗೆ ಕೆಡವಿತ್ತು. ಎಡಗೈ ಮೊಣಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ.

"ನೋವು ಹೋತು. ಆದ್ರ ಅದಕ್ಕಿಂತ ಹೆಚ್ಚ ಸಿಟ್ಟ ಬರೋದು ಯಾವಾಗಂದ್ರ, ಗಿರಾಕಿ ಬಾಗ್ಲಾ ತೆಗದು ನನ್ನ ಬೆನ್ನ ಹಿಂದ ನೋಡ್ತಾರಲ್ಲ, ಅವಾಗ. 'ಮೆಕ್ಯಾನಿಕ್ ಎಲ್ಲಿ?' ಅಂತಾರ. ನಾನೇ ರಿ ಅಂದ್ರ ಮತ್ತೊಮ್ಮೆ ನೋಡ್ತಾರ" ಎನ್ನುತ್ತಾರೆ.

ವಾಗದರಿಯ ಆ ಮನೆಯಲ್ಲಿ ಹಾಗೇನೂ ಆಗಿರಲಿಲ್ಲ. ಪ್ರಣಿತಾಳ ತಂದೆ ಕಾಮಣ್ಣ ಎಂಬತ್ತು ಕುರಿಗಳ ಒಡೆಯ, ಮಿತಭಾಷಿ. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿ, ಚಹಾ ಕೊಡಿಸಿ, "ಹುಡುಗೀದು ನೋಡ್ರಿ ಏನದ" ಎಂದಿದ್ದರು. ಮನೆಯ ಯಜಮಾನಿಕೆ ಮಾತ್ರ ಅವರದಲ್ಲ, ಅವರ ತಾಯಿ ಸಕ್ಕುಬಾಯಿಯದು. ಮನೆಮಂದಿಯೆಲ್ಲ ಆಯಿ ಎಂದು ಕರೆಯುವ ಎಪ್ಪತ್ತೆಂಟರ ಅಜ್ಜಿ. ಇಂಟರ್ನೆಟ್ಟಿನ ಡಬ್ಬಿ ಇರುವುದು ಆಯಿಯ ದೇವರ ಜಗಲಿಯ ಮೇಲೆ, ಬೀರೋಬಾ ಮತ್ತು ಮೈಲಾರಲಿಂಗನ ಪಕ್ಕದಲ್ಲಿ. ಮನೆಯಲ್ಲಿ ಇಲಿ ಹತ್ತದ, ಕುರಿಮರಿ ನೆಕ್ಕದ, ಒದ್ದೆಯಾಗದ ಜಾಗ ಅದೊಂದೇ. ಆ ಜಗಲಿಯನ್ನು ಆಯಿ ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಸ್ವಂತ ಮಗನೂ ಮುಟ್ಟುವಂತಿಲ್ಲ. ಹೊರಗಿನಿಂದ ಬಂದ ಯೋಗಿತಾ ಹೊಸ್ತಿಲು ದಾಟಿ ಆ ಕೋಣೆಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಯೋಗಿತಾ ಕೇಳಲೂ ಇಲ್ಲ.

ಹೀಗಾಗಿ ಮೊದಲನೇ ಸಲ ಆಯಿಯೇ ಡಬ್ಬಿಯನ್ನು ಬಿಚ್ಚಿ ಮೊರದಲ್ಲಿಟ್ಟುಕೊಂಡು ಅಂಗಳಕ್ಕೆ ತಂದರು. ಕಿಟಕಿಯ ಕಿಂಡಿಯಿಂದ ಗಾಜಿನ ದಾರದ ವಾಯರನ್ನೂ ಹೊರಗೆ ಚಾಚಿದರು. ಯೋಗಿತಾ ವಾಯರಿನ ತುದಿಯನ್ನು ರೂಢಿಯಂತೆ ಕಾಗದದಿಂದ ಒರೆಸಿ, ಡಬ್ಬಿಗೆ ಸಿಕ್ಕಿಸಿ ನೋಡಿದರೆ ಪಿಂಗ್ ಇಪ್ಪತ್ತಾರು! "ಏನೂ ಆಗಿಲ್ಲಲ್ಲ, ಗ್ವಾಡಿ ದಪ್ಪ ಅದ, ಅದಕ್ಕ ಸಿಗ್ನಲ್ ತಡೀತದ, ಡಬ್ಬಿ ಸಮೀಪ ಕೂತು ಆಡು" ಎಂದು ಬುದ್ಧಿ ಹೇಳಿ ಹೊರಟರು. ಅಕ್ಕಲಕೋಟೆ ಮುಟ್ಟುವುದರೊಳಗೆ ಫೋನು ಬಂತು. "ಅಕ್ಕಾ, ಪರತ ಎರಡ್ನೂರು."

ಎರಡನೇ ಸಲ ಡಬ್ಬಿಯನ್ನೇ ಬದಲಿಸಿದರು. ತೋಳದ ಕಾಟಕ್ಕೆಂದು ಕಾಮಣ್ಣ ಕುರಿ ಹಟ್ಟಿಗೆ ಹಾಕಿಸಿದ್ದ ಕ್ಯಾಮೆರಾ ಹಗಲಿರುಳು ಚಿತ್ರ ಕಳಿಸುತ್ತ ದಾರಿಯನ್ನೆಲ್ಲ ತುಂಬಿಕೊಂಡಿರುವುದನ್ನು ಕಂಡುಹಿಡಿದರು. ಅದನ್ನು ಆರಿಸಿದರೆ ಅಂಗಳದಲ್ಲಿ ಪಿಂಗ್ ಇಪ್ಪತ್ತನಾಲ್ಕು. ಗೆದ್ದೆವೆಂದುಕೊಂಡರು. ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಮತ್ತೆ ಫೋನು: "ನೀ ಹೋದ ಕೂಡ್ಲೇ ಹಂಗೇ ಆಗ್ತದ ನೋಡಕ್ಕಾ. ಇದಕ್ಕ ನೀ ಅಂದ್ರ ಅಂಜಿಕಿ, ನಾ ಅಂದ್ರ ಸಲಿಗಿ."

ಮೂರನೇ ಸಲ, ಶುಕ್ರವಾರ, ಹಳೆಯ ತುದಿಯನ್ನೊಮ್ಮೆ ಒರೆಸಿ ನೋಡಿ, ಆಮೇಲೆ ಕಂಬದಿಂದ ಮನೆಯವರೆಗಿನ ವಾಯರನ್ನೇ ಹೊಸದಾಗಿ ಎಳೆದರು. ಅದೇ ಕಥೆ. ಯೋಗಿತಾರ ಕಣ್ಣೆದುರು ಅಂಗಳದಲ್ಲಿ ಸಾಧುವಾಗಿ ಕೂರುವ ಡಬ್ಬಿ, ಬೆನ್ನು ತಿರುಗಿಸಿದ ಕೂಡಲೇ ರೂಪ ಬದಲಿಸುವ ರಾಕ್ಷಸನಂತೆ ವರ್ತಿಸುತ್ತಿತ್ತು. ಆಫೀಸಿನ ಮಾಲೀಕ ಕೈಲಾಸ ಕುರ್ಚಿಯಿಂದಲೇ ತೀರ್ಪು ಕೊಟ್ಟರು: "ಯೋಗಿತಾ, ಬಸ್ ಝಾಲಂ, ಸಾಕು! ಮೂರು ಸಲ ಹೋಗಿ ಬಂದಿ, ಮೂರು ಸಲಾನೂ ಬರೋಬರ್ ಅದ. ಹುಡುಗೀ ಫೋನೇ ಖರಾಬ್ ಅದ ಅಂತ ಬರದು ಕಂಪ್ಲೇಂಟ್ ಬಂದ್ ಮಾಡು."

"ಫೋನ್ ಖರಾಬ್ ಇಲ್ಲ ಸಾಹೇಬ್ರ. ಹಾಸ್ಟೆಲಿನ್ಯಾಗ ಅದೇ ಫೋನಿನ್ಯಾಗ ಆಡ್ಯಾಳ" ಎಂದರು ಯೋಗಿತಾ.

"ಹಂಗಾರ ಆ ಮನ್ಯಾಗ ದೆವ್ವ ಅದ."

"ದೆವ್ವ ಇದ್ರ ಅದನ್ನೂ ಬಿಡ್ಸಿ ಬರ್ತೀನಿ. ಕಂಪ್ಲೇಂಟ್ ಬಂದ್ ಮಾಡಬ್ಯಾಡ್ರಿ."

ಶನಿವಾರ ಸಂಜೆ ಚೀಲ ಕೊಡವುತ್ತಿದ್ದಾಗ ದೆವ್ವದ ಬಾಲ ಕೈಗೆ ಸಿಕ್ಕಿತು. ವಾಯರಿನ ತುದಿ ಒರೆಸಿದ ಕಾಗದಗಳು ಮುದ್ದೆಯಾಗಿ ಚೀಲದ ತಳದಲ್ಲಿ ಬಿದ್ದಿದ್ದವು. ಬೇರೆ ಮನೆಗಳವು ಬೂದು, ಕಪ್ಪು. ಈ ಸೀಮೆಯದು ಕರಿಮಣ್ಣು, ಧೂಳೂ ಕಪ್ಪೇ. ವಾಗದರಿಯ ಮೂರು ಕಾಗದಗಳ ಮೇಲೆ ಮಾತ್ರ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆ. ಯೋಗಿತಾ ಅದನ್ನು ತಾಯಿಯ ಮುಂದೆ ಹಿಡಿದರು. ಬೀಡಿ ಕಟ್ಟುವ ಅಂಜನಾಬಾಯಿ ಕನ್ನಡಕ ಏರಿಸಿ, ಮೂಸಿ, ತಟ್ಟನೆ ಹೇಳಿದರು: "ಅರಿಷಿಣ. ಕುರುಬರ ಮನೀ ಭಂಡಾರ ಇರ್ಬೇಕು. ನಾಳಿ ಐತವಾರ, ಮೈಲಾರಲಿಂಗನ ವಾರ. ಮುಂಜಾನಿ ಹೋದ್ರ ಪೂಜಿ ಸಿಗ್ತದ ನಿಂಗ."

ಫೋನಿನಲ್ಲೇ ಹೇಳಿಬಿಡಬಹುದಿತ್ತು. ಯೋಗಿತಾ ಹೇಳಲಿಲ್ಲ. "ಕಣ್ಣೀಲೆ ನೋಡದ, ನಿಮ್ಮ ಪೂಜಿಯಿಂದ ಕೆಟ್ಟದ ಅಂತ ಹ್ಯಾಂಗ ಅನ್ನೋದು? ಹಿರೇ ಮನಶಾಳು ಅದು. ಬೈದಂಗ ಆಗ್ತದಲ್ರಿ."

ಅದಕ್ಕೇ ಈ ನಸುಕಿನ ಸವಾರಿ. ಕಂಬ ಇಳಿದು, ಏಣಿ ಮಡಚಿ, ಆರೂವರೆಗೆ ಯೋಗಿತಾ ಕಾಮಣ್ಣನ ಅಂಗಳದಲ್ಲಿದ್ದಾರೆ. ಪ್ರಣಿತಾ ಮಂಕಾಗಿ ಕಟ್ಟೆಯ ಮೇಲೆ ಕೂತಿದ್ದಾಳೆ. ಗೆಳತಿಯರ ಸಂದೇಶಗಳು ಒಂದರ ಮೇಲೊಂದು ಬರುತ್ತಿವೆ. ಒಬ್ಬಳು ಬರೆದಿದ್ದಾಳೆ: ನೀನು ಬಿಟ್ಟುಬಿಡು, ಬದಲಿ ಹುಡುಗಿಯನ್ನು ಹಾಕಿಕೊಳ್ಳೋಣ. ಅದನ್ನು ಅವಳು ಯೋಗಿತಾಗೆ ತೋರಿಸುತ್ತಾಳೆ. "ಅವ್ರು ಅನ್ನೋದು ಖರೇನೇ ಅದ ಅಕ್ಕಾ. ನಾ ಒಬ್ಬಾಕಿ ಸಲುವಾಗಿ ಮೂರು ಮಂದೀದು ಯಾಕ ಹಾಳಾಗ್ಬೇಕು? ಒಂಬತ್ತಕ್ಕ ಹೆಸರು ತೆಗಸ್ತೀನಿ ಅಂತ ಹೇಳೀನಿ."

"ಒಂಬತ್ತರ ತನಕ ತಡಿ" ಎನ್ನುತ್ತಾರೆ ಯೋಗಿತಾ.

ಮೊರ ಹಿಡಿದು ಹೊರಟ ಸಕ್ಕುಬಾಯಿಯನ್ನು ಅವರು ತಡೆಯುತ್ತಾರೆ. "ಆಯಿ, ಇವತ್ತು ಡಬ್ಬಿ ಹೊರಗ ತರಬ್ಯಾಡ್ರಿ. ನಿಮ್ಮ ಪೂಜಿ ನಡೀಲಿ. ನಾ ಇಲ್ಲೇ ಬಾಗ್ಲಾಗ ಕೂತು ನೋಡ್ತೀನಿ."

"ನೋಡಾಕೇನು, ಕಣ್ಣ ಇದ್ದವ್ರು ನೋಡ್ತಾರ" ಎನ್ನುತ್ತ ಆಯಿ ಒಳಗೆ ಹೋಗುತ್ತಾರೆ. ಮೈ ತೊಳೆದುಕೊಂಡು ಒದ್ದೆ ಹೆರಳು ಗಂಟು ಕಟ್ಟಿದ್ದಾರೆ. ಜಗಲಿಯ ಮೇಲಿನ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಇಳಿಸಿ, ಒರೆಸಿ, ಭಂಡಾರ ಹಚ್ಚಿ ಮತ್ತೆ ಏರಿಸುತ್ತಾರೆ. ಬೀರೋಬಾ ಆಯಿತು. ಕುದುರೆ ಏರಿದ ಹಿತ್ತಾಳೆಯ ಮೈಲಾರಲಿಂಗ ಆಯಿತು. ಆಮೇಲೆ ಡಬ್ಬಿಯ ಸರದಿ. ಹಿಂದಿನ ವಾಯರನ್ನು ಸರಕ್ಕನೆ ಕೀಳುತ್ತಾರೆ. ಡಬ್ಬಿಯನ್ನು ಸೆರಗಿನಿಂದ ಒರೆಸಿ, ಹಣೆಯಂಥ ಜಾಗ ನೋಡಿ ಭಂಡಾರ ಹಚ್ಚುತ್ತಾರೆ. ಇವತ್ತು ಮೊಮ್ಮಗಳ ಪಂದ್ಯ, ಅದಕ್ಕೆ ಒಂದು ಚಿಟಿಕೆ ಹೆಚ್ಚು. ಬಳಿಕ ಕಿತ್ತ ವಾಯರಿನ ತುದಿಯನ್ನು ಎರಡೂ ಕಣ್ಣಿಗೊತ್ತಿಕೊಂಡು, ಬೆಳಕು ಬರುವುದು ಇದರ ಬಾಯಿಂದಲೇ ಅಲ್ಲವೇ, ಅದಕ್ಕೂ ಪಾಲು ಸಲ್ಲಬೇಕಲ್ಲ, ಆ ತುದಿಯನ್ನು ಭಂಡಾರದ ಬಟ್ಟಲಿನಲ್ಲಿ ಮೆಲ್ಲಗೆ ಅದ್ದಿ ಡಬ್ಬಿಗೆ ಚುಚ್ಚುತ್ತಾರೆ.

ಬಾಗಿಲಲ್ಲಿ ಕುಳಿತ ಯೋಗಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಿಂದೆ ನಿಂತ ಪ್ರಣಿತಾ ಫೋನು ನೋಡುತ್ತಾಳೆ. ಇನ್ನೂರ ನಲವತ್ತು.

ಮನೆಗೆ ಬಂದಂದಿನಿಂದ ಪ್ರಣಿತಾ ಈ ಪೂಜೆಯನ್ನು ನೋಡುತ್ತಲೇ ಇದ್ದಾಳೆ, ಕೈ ಮುಗಿಯುತ್ತಲೇ ಇದ್ದಾಳೆ. ಹೊಸ್ತಿಲನ್ನು ದಾಟುವವರು ಹೊಸ್ತಿಲನ್ನು ನೋಡುವಷ್ಟೇ ಅದನ್ನೂ ನೋಡಿದ್ದಾಳೆ. ಅಂಗಳದಿಂದ ಒಳಗೆ ಹೋದಾಗಲೆಲ್ಲ ಡಬ್ಬಿ ಈ ಶಾಸ್ತ್ರವನ್ನು ಮುಗಿಸಿಕೊಂಡೇ ಜಗಲಿ ಏರುತ್ತಿತ್ತು ಎಂಬುದು ಅವಳಿಗೆ ಈಗ ಹೊಳೆಯುತ್ತದೆ. "ಆಯಿ!" ಎಂದು ಚೀರಲು ಹೋದವಳ ಕೈಯನ್ನು ಯೋಗಿತಾ ಮೆತ್ತಗೆ ಅದುಮುತ್ತಾರೆ.

"ಆಯಿ, ಒಂದು ಮಾತು ಕೇಳ್ಲೇನು?" ಎನ್ನುತ್ತಾರೆ ಹೊಸ್ತಿಲಾಚೆಯಿಂದಲೇ. "ಮೈಲಾರಲಿಂಗನ ಕುದರೀಗೂ ಭಂಡಾರ ಹಚ್ತೀರಿ?"

"ಹಚ್ಚದ ಬಿಡ್ತೀವೇನು? ದೇವ್ರನ್ನ ಹೊತ್ತದ್ದು ಅದು."

"ಎಲ್ಲಿ ಹಚ್ತೀರಿ?"

"ಹಣೀಗೆ. ಕೊಳ್ಳೀಗೆ."

"ಕಣ್ಣಾಗ?"

ಆಯಿ ಗಕ್ಕನೆ ತಿರುಗುತ್ತಾರೆ. "ಏ ಹುಚ್ಚೀ! ಕಣ್ಣಾಗ ಯಾರ ಹಾಕ್ತಾರ? ಕುದರಿ ದಾರಿ ಹ್ಯಾಂಗ ಕಾಣಬೇಕು?"

"ಈ ವಾಯರಿಂದೂ ಹಂಗೇ ನೋಡ್ರಿ. ನೀವು ಅದ್ದಿದ್ರಲ್ಲ, ಅದೇ ಅದರ ಕಣ್ಣು."

ಯೋಗಿತಾ ಚೀಲದಿಂದ ಪೆನ್ನಿನಷ್ಟು ಉದ್ದದ ದುರ್ಬೀನೊಂದನ್ನು ತೆಗೆಯುತ್ತಾರೆ. ವಾಯರಿನ ತುದಿಯನ್ನು ನಾನೂರು ಪಟ್ಟು ದೊಡ್ಡದು ಮಾಡಿ ತೋರಿಸುವ ಇದನ್ನು ಅವರು ಸ್ವಂತಕ್ಕೆಂದು ಸೊಲ್ಲಾಪುರದಿಂದ ತಂದುಕೊಂಡಿದ್ದಾರೆ. "ಆ ತುದೀನ ಇದಕ್ಕ ಹಚ್ಚಿ ನೀವೇ ನೋಡ್ರಿ" ಎಂದು ಹೊಸ್ತಿಲ ಮೇಲಿಡುತ್ತಾರೆ. ಆಯಿ ವಾಯರನ್ನು ಮತ್ತೆ ಕಿತ್ತು, ದುರ್ಬೀನಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಬಾಯಿ ಅಗಲವಾಗುತ್ತದೆ.

"ಅಯ್ಯ ನನ್ನ ಶಿವನಾ! ಗುಡ್ಡ ಕುಂತಾವಲ್ಲೇ ಇಲ್ಲಿ! ಗುಡ್ಡದ ಮ್ಯಾಲ ಗುಡ್ಡ!"

"ಆ ಗುಡ್ಡ ಹತ್ತಿ ಇಳದು ಹೋಗೋದ್ರಾಗ ಬೆಳಕಿಗೆ ದಮ್ಮು ಹತ್ತತದ. ಅರ್ಧ ದಾರ್ಯಾಗ ಬಿದ್ದು ಪರತ ಎದ್ದು ಓಡ್ತದ. ಅದಕ್ಕೇ ತಡಾ ಆಗೋದು" ಎನ್ನುತ್ತಾರೆ ಯೋಗಿತಾ. "ನಿಮ್ಮ ಭಕ್ತೀದು ತಪ್ಪಿಲ್ಲ ಆಯಿ. ಡಬ್ಬಿ ಹಣೀಗೆ ದಿನಾ ಹಚ್ರಿ. ಕಣ್ಣ ಒಂದು ಬಿಡ್ರಿ."

ಸಕ್ಕುಬಾಯಿ ಒಮ್ಮೆ ಜಗಲಿ ನೋಡುತ್ತಾರೆ, ಒಮ್ಮೆ ತಮ್ಮ ಹಳದಿ ಬೆರಳುಗಳನ್ನು. ಕಣ್ಣೀರು ತುಂಬಿ ನಿಂತ ಮೊಮ್ಮಗಳನ್ನೂ ನೋಡುತ್ತಾರೆ. ಕೊನೆಗೆ ಬಾಗಿಲಲ್ಲಿ ಕುಳಿತ ಯೋಗಿತಾರ ಕಡೆಗೆ ತಿರುಗುತ್ತಾರೆ. "ನನ್ನ ಕೈ ತುಂಬ ಭಂಡಾರ ಅದ. ನಾ ವರಸಿದ್ರ ಮತ್ತ ಗುಡ್ಡಾನೇ ಆಗ್ತದ. ನಿಂಗ ಬರ್ತದಲ್ಲ ಕೆಲಸ? ಒಳಗ ಬಾ. ನೀನೇ ವರಸು."

ಕಾಮಣ್ಣ ಅಂಗಳದಿಂದ ಇಣುಕುತ್ತಾರೆ. ನಲವತ್ತೆಂಟು ವರ್ಷದಲ್ಲಿ ಈ ಮಾತನ್ನು ತಾಯಿಯ ಬಾಯಿಂದ ಅವರು ಕೇಳಿದ್ದಿಲ್ಲ. "ನಂಗೇ ಒಮ್ಮೆನೂ ಕರದಿಲ್ಲ ನೋಡ್ರಿ ಆ ಜಗಲಿಗೆ!" ಎಂದು ನಗುತ್ತಾರೆ.

"ನಿಂಗೇನ್ ಬರ್ತದ? ಕುರಿ ಎಣಸಾಕ ಬರ್ತದ" ಎಂದು ಆಯಿ ಬಾಯಿ ಮುಚ್ಚಿಸುತ್ತಾರೆ.

ಯೋಗಿತಾ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹೊಸ್ತಿಲು ದಾಟುತ್ತಾರೆ. ಜಗಲಿಯ ಮುಂದೆ ಮೊಣಕಾಲೂರಿ ಕೂತು, ಸ್ಪಿರಿಟ್ಟು ತಾಗಿಸಿದ ಕಾಗದದಿಂದ ತುದಿ ಒರೆಸುತ್ತಾರೆ. ದುರ್ಬೀನಿನಲ್ಲಿ ನೋಡುತ್ತಾರೆ, ಮತ್ತೆ ಒರೆಸುತ್ತಾರೆ. ಡಬ್ಬಿಯ ಕಿವಿಯೊಳಗೂ ಸಣ್ಣ ಕಡ್ಡಿ ತಿರುಗಿಸಿ ಹಳದಿಯನ್ನೆಲ್ಲ ಹೊರಗೆ ತೆಗೆಯುತ್ತಾರೆ. ಕಟ್ ಎಂದು ವಾಯರು ಕೂರುತ್ತದೆ. ಪ್ರಣಿತಾಳಿಗೆ ಫೋನು ನೋಡುವ ಧೈರ್ಯವಿಲ್ಲ, ಅಜ್ಜಿಯ ಕೈಗೆ ಕೊಡುತ್ತಾಳೆ. ಆಯಿ ಕಣ್ಣು ಕಿರಿದು ಮಾಡಿ ಓದುತ್ತಾರೆ: "ಎರಡು... ನಾಕು. ಮುಂದ ಏನಿಲ್ಲವಾ."

ಇಪ್ಪತ್ತನಾಲ್ಕು. ಗಡಿಯಾರದಲ್ಲಿ ಏಳೂ ಮುಕ್ಕಾಲು.

ಪ್ರಣಿತಾ ಕುಣಿದಾಡುತ್ತಾಳೆ. ಯೋಗಿತಾ ಮಾತ್ರ ಇನ್ನೂ ನಂಬಿಲ್ಲ. ಈ ಡಬ್ಬಿ ಮೂರು ಸಲ ಬೆನ್ನ ಹಿಂದೆ ರೂಪ ಬದಲಿಸಿದ್ದನ್ನು ಕಂಡವರು ಅವರು. ಇವತ್ತು ಬೆನ್ನು ತಿರುಗಿಸುವುದಿಲ್ಲ ಎಂದು ಅಲ್ಲೇ ಗೋಡೆಗೊರಗಿ ಕೂರುತ್ತಾರೆ. ಕಾಲು ತಾಸಿಗೊಮ್ಮೆ ಅಂಕಿ ನೋಡುತ್ತಾರೆ. ಹತ್ತಕ್ಕೆ ಕುರಿ ಹಟ್ಟಿಯ ಕ್ಯಾಮೆರಾ ಆರಿಸಬೇಕಲ್ಲ ಎಂದಾಗ ಕಾಮಣ್ಣ ಬಡಿಗೆ ಎತ್ತಿಕೊಂಡು ಹಟ್ಟಿಯತ್ತ ಹೊರಡುತ್ತಾರೆ. "ಆಟ ಮುಗಿಯೋತನಕ ನಾನೇ ಕ್ಯಾಮೆರಾ."

ಹನ್ನೊಂದು. ಜಗಲಿಯ ಕೆಳಗೆ ಕಂಬಳಿಯ ಮೇಲೆ ಪ್ರಣಿತಾ ಪದ್ಮಾಸನ ಹಾಕಿ ಕೂತಿದ್ದಾಳೆ. ಕಿವಿಗೆ ವಾಯರು, ಕೈಯಲ್ಲಿ ಫೋನು. ಪಂದ್ಯದವರು ಒಬ್ಬೊಬ್ಬರ ಅಂಕಿ ಓದಿ ಒಪ್ಪಿಗೆ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ ತಂಡ ಐದನೆಯದು. ಎರಡನೆಯದರಲ್ಲಿ ಮೂರನೆಯದು. "ಎಡಕ್ಕ ಬಾ! ಗಿಡದ ಹಿಂದ ಅದಾನ! ಥಾಂಬ್ ಥಾಂಬ್, ನಿಲ್ಲು, ನಾ ಹೊಡೀತೀನಿ!" ಎಂದು ಅವಳು ಕನ್ನಡ ಮರಾಠಿ ಕಲಸಿ ಕೂಗುತ್ತಿದ್ದರೆ, ಪಕ್ಕದಲ್ಲಿ ಕೂತ ಆಯಿ "ಯಾರನ್ನ? ಎಲ್ಲಿ? ತೋಳೇನು?" ಎಂದು ಕೇಳುತ್ತಲೇ ಇದ್ದಾರೆ. ನಾಲ್ಕನೇ ಸುತ್ತು ಮುಗಿದಾಗ ತಂಡ ಮೇಲಿನಿಂದ ಎರಡನೆಯದು. ಐದನೆಯದೇ ಕೊನೆಯ ಸುತ್ತು. ಅದರಲ್ಲಿ ಮೂವರೂ ಗೆಳತಿಯರು ಬಿದ್ದು, ಪ್ರಣಿತಾ ಒಬ್ಬಳೇ ಇಬ್ಬರು ಶತ್ರುಗಳ ನಡುವೆ ಉಳಿಯುತ್ತಾಳೆ. ಹಿಂದಿನಿಂದ ಒಬ್ಬ ಗುರಿಯಿಡುತ್ತಾನೆ. ಹನ್ನೊಂದು ದಿನ ಅವಳನ್ನು ಕೊಂದ ಆಟ ಇದೇ. ಈ ಸಲ ಅವಳು ಗರ್ರನೆ ತಿರುಗುತ್ತಾಳೆ, ತಿರುಗಿದ ಕ್ಷಣಕ್ಕೇ ಆಟದಲ್ಲೂ ತಿರುಗಿರುತ್ತಾಳೆ. ಒಬ್ಬ ಬೀಳುತ್ತಾನೆ. ಇನ್ನೊಬ್ಬನೂ.

ಮೊದಲ ಸ್ಥಾನ. ಪುಣೆ.

"ಏಳಕೋಟಿ! ಏಳಕೋಟಿ!" ಮೈಲಾರಲಿಂಗನ ಜಯಕಾರ ಕೂಗುತ್ತ ಆಯಿ ಬಟ್ಟಲಿಗೆ ಕೈ ಹಾಕಿ ಹಿಡಿ ತುಂಬ ಭಂಡಾರವನ್ನು ಮೇಲಕ್ಕೆ ತೂರಲು ಹೋಗಿ, ಡಬ್ಬಿಯ ನೆನಪಾಗಿ ತಡೆದು, ಅಂಗಳಕ್ಕೆ ಓಡಿ ತೂರುತ್ತಾರೆ. ಹಟ್ಟಿಯಿಂದ ಓಡಿ ಬಂದ ಕಾಮಣ್ಣನ ಮೈಯೆಲ್ಲ ಹಳದಿ. ಪ್ರಣಿತಾ ಯೋಗಿತಾರನ್ನು ತಬ್ಬಿಕೊಂಡು ಬಿಕ್ಕುತ್ತಾಳೆ. ಆಮೇಲೆ ಜಗಲಿಯ ಕೋಣೆಯಲ್ಲೇ ಎಲ್ಲರೂ ಕೂತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾರೆ. ಯೋಗಿತಾರ ತಟ್ಟೆಗೆ ಆಯಿ ಬೇಡಬೇಡವೆಂದರೂ ತುಪ್ಪ ಸುರಿಯುತ್ತಾರೆ.

ಸೋಮವಾರ ಆಫೀಸಿನಲ್ಲಿ ದೂರಿನ ಹಾಳೆ ತುಂಬಬೇಕು. ದೋಷದ ಕಾರಣ ಎಂಬ ಸಾಲಿನಲ್ಲಿ ಮೂರು ಚೌಕಗಳಿವೆ: ವಾಯರು, ಡಬ್ಬಿ, ಗಿರಾಕಿಯ ತಪ್ಪು. "ಮೂರನೇದಕ್ಕ ಗುಣಾಕಾರ ಹಾಕು, ಮುಗೀತು" ಎನ್ನುತ್ತಾರೆ ಕೈಲಾಸ. ಯೋಗಿತಾ ಹಾಕುವುದಿಲ್ಲ. ಕೆಳಗೆ ಖಾಲಿ ಜಾಗದಲ್ಲಿ ಬರೆಯುತ್ತಾರೆ: ತುದಿ ಸ್ವಚ್ಛ ಮಾಡಿ ಕೊಟ್ಟೆನು.

ಆ ವಾರದಿಂದ ಅವರ ಕೆಲಸದ ರೀತಿ ಬದಲಾಗಿದೆ. ನಿಧಾನವಾಗಿದೆ ಎಂಬ ದೂರು ಬಂದರೆ ಮೊದಲು ಕೇಳುವುದು, ಡಬ್ಬಿ ಮನೆಯಲ್ಲಿ ಎಲ್ಲಿದೆ ಎಂದು. ಅವರ ಹನ್ನೊಂದು ಹಳ್ಳಿಗಳಲ್ಲಿ ಹದಿನೇಳು ಡಬ್ಬಿಗಳು ದೇವರ ಜಗಲಿಯ ಮೇಲಿವೆ. ಭಂಡಾರ, ಊದುಬತ್ತಿಯ ಬೂದಿ, ಗಂಧ, ಎಣ್ಣೆ, ಒಂದೊಂದು ದೇವರದು ಒಂದೊಂದು ಬಗೆ. ಯಾರಿಗೂ ಡಬ್ಬಿ ಇಳಿಸಿ ಎಂದು ಅವರು ಹೇಳಿಲ್ಲ. ಕುದುರೆಯ ಕಣ್ಣಿನ ಮಾತನ್ನಷ್ಟೇ ಹೇಳಿ ಬಂದಿದ್ದಾರೆ. ಹದಿನೇಳು ಮನೆಗಳಿಂದ ಮತ್ತೆ ಫೋನು ಬಂದಿಲ್ಲ.

ಅವತ್ತಿನ ಆಟ ಹೇಗಿತ್ತು ಎಂದು ಕೇಳಿದರೆ ಯೋಗಿತಾ ಏಣಿಯ ಹಗ್ಗ ಬಿಗಿಯುತ್ತ ತಲೆ ಅಲ್ಲಾಡಿಸುತ್ತಾರೆ.

"ಆಟ ನಂಗೇನ್ ತಿಳೀತದ್ರಿ? ಯಾರು ಯಾರನ್ನ ಹೊಡದ್ರು, ಒಂದೂ ಗೊತ್ತಾಗ್ಲಿಲ್ಲ. ಎಲ್ಲಾರೂ ಆಕೀ ಆಟ ನೋಡಾಕತ್ತಿದ್ರು, ನಾ ಮೂಲ್ಯಾಗಿನ ಅಂಕಿ ನೋಡ್ಕೋತ ಕುಂತಿದ್ದೆ." ಸ್ಕೂಟರು ಚಾಲೂ ಮಾಡಿ, ಒಂದು ಗಳಿಗೆ ನಿಲ್ಲುತ್ತಾರೆ. "ಎರಡು ತಾಸು. ಒಮ್ಮೆನೂ ಮೂವತ್ತು ದಾಟ್ಲಿಲ್ಲ ನೋಡ್ರಿ."